ಕಾಪುವಿನವರೆಗೆ ಮೂರು

ಲೊರ್ನಾಳಿಗೆ ಉಳಿದದ್ದು ಒಂದೇ ಒಂದು ಲೆಕ್ಕ. ೦.೩೩೩… ಎಂಬ ದಶಮಾಂಶವನ್ನು ಭಿನ್ನರಾಶಿಯಾಗಿ ಬರೆಯಬೇಕು. ಅದೊಂದನ್ನು ಮುಗಿಸಿಯೇ ಗಂಜಿಗೆ ಬರುತ್ತೇನೆ ಎಂದು ಬೆಳಿಗ್ಗೆ ಕುಳಿತವಳು ಮಧ್ಯಾಹ್ನವಾದರೂ ಏಳಲಿಲ್ಲ. ಪುಸ್ತಕದ ಹಾಳೆಗಳೆಲ್ಲ ಮೂರುಗಳಿಂದ ತುಂಬಿ, ಈಗ ಜಗಲಿಯ ಗೋಡೆಯ ಮೇಲೆ ಒಲೆಯಿಂದ ತಂದ ಆರಿದ ಮಸಿಕೆಂಡದಲ್ಲಿ ಬರೆಯುತ್ತಿದ್ದಳು.

ಶಂಕರಪುರದ ಆ ಮನೆಯಲ್ಲಿ ಆಗ ತಾಯಿ ಮಗಳು ಇಬ್ಬರೇ. ಅಪ್ಪ ಲಿಯೋನೆಲ್ ಮಸ್ಕತ್ತಿನಲ್ಲಿದ್ದ. ತಾಯಿ ಅಪೊಲೋನಿಯಾ ಮಲ್ಲಿಗೆ ಕಟ್ಟಿ ಕಳುಹಿಸಿ, ಬಾಳೆನಾರಿನ ಚೂರುಗಳನ್ನು ಗುಡಿಸಿ, ಗೋಡೆಯ ಹತ್ತಿರ ಬಂದು ನಿಂತಳು.

"ಇನ್ನೆಷ್ಟು ಉಂಟು ಮಗಾ?"

"ಅದೇ ಗೊತ್ತಾಗಬೇಕಲ್ಲ ಮಾಂಯ್. ಬಿಂದುವಿನ ನಂತರ ಎಷ್ಟು ಅಂಕೆಯೋ, ಕೆಳಗೆ ಒಂದರ ಮುಂದೆ ಅಷ್ಟು ಸೊನ್ನೆ. ೦.೭ ಅಂದರೆ ಹತ್ತರಲ್ಲಿ ಏಳು. ೦.೨೫ ಅಂದರೆ ನೂರರಲ್ಲಿ ಇಪ್ಪತ್ತೈದು. ಮೂರುಗಳು ಮುಗಿಯದೆ ಸೊನ್ನೆ ಎಷ್ಟು ಅಂತ ಹೇಳುವುದು?"

ಅಪೊಲೋನಿಯಾಳಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಮೊಗ್ಗು ಕೊಯ್ದು ಮುಗಿಯದೆ ಯಾರೂ ಗಂಜಿಗೆ ಕೂರಬಾರದು ಎಂದು ಮಗಳಿಗೆ ಕಲಿಸಿದವಳು ಅವಳೇ. ಬಿಸಿಲೇರಿದರೆ ಮೊಗ್ಗು ಅರಳಿಬಿಡುತ್ತದೆ. ಹೊಟ್ಟೆ ಕಾಯಬಹುದು, ಮಲ್ಲಿಗೆ ಕಾಯುವುದಿಲ್ಲ. ಲೊರ್ನಾ ಆ ಕಟ್ಟುಪಾಡನ್ನೇ ಮೂರುಗಳಿಗೂ ಹಾಕಿಕೊಂಡಿದ್ದಳು. ಆದರೆ ಮಗುವಿನ ತುಟಿ ಒಣಗಿತ್ತು, ಕಣ್ಣು ಒಳಗೆ ಹೋಗಿತ್ತು. ಮಲ್ಲಿಗೆ ಗಿಡದಲ್ಲಾದರೆ ಕೊನೆಯ ಮೊಗ್ಗು ಎಂಬುದೊಂದು ಇರುತ್ತದೆ. ಇಲ್ಲಿ ಅದು ಕಾಣುತ್ತಲೇ ಇರಲಿಲ್ಲ.

ಗೋಡೆ ಮುಗಿಯಿತು. ಲೊರ್ನಾ ಅಂಗಳಕ್ಕಿಳಿದಳು, ಅಲ್ಲಿಂದ ಸೀಮೆಸುಣ್ಣ ಹಿಡಿದು ರಸ್ತೆಗೆ. ಅಪೊಲೋನಿಯಾ ಗಂಜಿ, ಒಣಮೀನಿನ ಚಟ್ನಿಯನ್ನು ಬುತ್ತಿಗೆ ಹಾಕಿಕೊಂಡು ಹಿಂದೆಯೇ ನಡೆದಳು.

ಲಿಯೋನೆಲನ ತಮ್ಮ ಲಿಗೋರಿ ದಾರಿಯಲ್ಲಿ ಸಿಕ್ಕಿದ. ವಿಷಯ ಕೇಳಿ ತಲೆಯಾಡಿಸಿದ.

"ಮೂರು ಮುಗಿದ ಮೇಲೆ ಸೊನ್ನೆ ಸುರು ಮಾಡಿದರೆ ಯಾವ ಕಾಲಕ್ಕೆ ಮುಗಿಯುವುದು ಮಾರಾಯ್ತಿ? ಒಟ್ಟಿಗೇ ಆಗಲಿ. ನೀನು ಮೇಲೆ ಬರೆ, ನಾನು ಕೆಳಗೆ ಸೊನ್ನೆ ಸುತ್ತುತ್ತಾ ಬರುತ್ತೇನೆ."

ಲಿಗೋರಿಯ ಸೊನ್ನೆಗಳು ಬಹಳ ದುಂಡಗೆ, ಆದ್ದರಿಂದ ಬಹಳ ನಿಧಾನ. ಇನ್ನಂಜೆ ಊರು ಬರುವಷ್ಟರಲ್ಲಿ ಅವನು ಕಣ್ಣಿಗೆ ಕಾಣದಷ್ಟು ಹಿಂದೆ ಬಿದ್ದ.

ಎದುರಿನಿಂದ ಬಸ್ಸು ಬಂತು. ಕಂಡಕ್ಟರ್ ಧರ್ಮಪಾಲ ಕೆಳಗೆ ಹಾರಿ ಶಿಳ್ಳೆ ಊದಿದ. "ಅಂಕೆಯ ಮೇಲೆ ಚಕ್ರ ಹತ್ತಿಸಬೇಡ! ವಿದ್ಯೆ ಅಲ್ವಾ!" ಬಸ್ಸು ಒಂದು ಬದಿಯ ಚಕ್ರವನ್ನು ಚರಂಡಿಗಿಳಿಸಿ, ಓರೆಯಾಗಿ, ಪ್ರಯಾಣಿಕರೆಲ್ಲರನ್ನೂ ಒಂದೇ ಮಗ್ಗುಲಿಗೆ ಪೇರಿಸಿಕೊಂಡು ಮೆಲ್ಲಗೆ ದಾಟಿತು.

ಮಗು ದಣಿದದ್ದನ್ನು ನೋಡಲಾರದೆ, ಜೊತೆಗೂಡಿದ್ದ ನೆರೆಮನೆಯ ರತ್ನಾವತಿ ಸ್ವಲ್ಪ ಹೊತ್ತು ಸೀಮೆಸುಣ್ಣ ತೆಗೆದುಕೊಂಡಳು. ಮುಂದೆ ಹೋದ ಮೇಲೆ ತಪ್ಪಿತಸ್ಥಳಂತೆ ನಿಂತಳು.

"ಬಾಯಮ್ಮಾ, ಬೈಯಬೇಡಿ. ಬರೀ ಮೂರು ಬರೆದು ಬೇಜಾರಾಗಿ ನಡುವೆ ಒಂದು ನಾಲ್ಕು ಹಾಕಿದೆ."

ಅಷ್ಟರಲ್ಲಿ ಹಿಂದೆ ಸೇರಿಕೊಂಡಿದ್ದ ಊರ ಜನರೆಲ್ಲ ತಿರುಗಿ, ಬಗ್ಗಿ ಬಗ್ಗಿ ಆ ನಾಲ್ಕನ್ನು ಹುಡುಕಿ, ಉಗುಳು ಹಚ್ಚಿ ಒರೆಸಿ ಮೂರು ಮಾಡಿದರು.

ಬಿಸಿಲು ಇಳಿಯುವಾಗ ಕಾಪುವಿನ ಕಡಲು ಬಂತು. ದೀಪಸ್ತಂಭದ ಬಂಡೆ ಬಳಸಿ ಲೊರ್ನಾ ಮರಳಿನಲ್ಲಿ ಬೆರಳಿನಿಂದ ಬರೆಯುತ್ತಾ ಹೋದಳು. ಒಂದು ತೆರೆ ಬಂದು ಅಷ್ಟುದ್ದದ ಮೂರುಗಳನ್ನು ಮಡಚಿಕೊಂಡು ಹೋಯಿತು. ಅವಳು ನೀರಿಗಿಳಿದು ನೀರಿನ ಮೇಲೆಯೇ ಬರೆಯತೊಡಗಿದಾಗ ಅಪೊಲೋನಿಯಾ ಓಡಿ ಹೋಗಿ ರಟ್ಟೆ ಹಿಡಿದು ಎಳೆದಳು.

"ಒಂದು ತುತ್ತು ತಿನ್ನು ನನ್ನ ಬಂಗಾರ."

"ಇನ್ನೂ ಉಂಟು ಮಾಂಯ್." ಲೊರ್ನಾ ಅಳಲು ಸುರು ಮಾಡಿದಳು. "ಎಲ್ಲ ಒಯ್ದಿತು. ಪುನಃ ಮೊದಲಿಂದ ಬರೀಬೇಕು."

"ಹಾಗಾದರೆ ಬರೆ. ನಾನೂ ಬರೆಯುತ್ತೇನೆ. ಇಬ್ಬರಾದರೆ ಬೇಗ ಮುಗಿದೀತು."

ಒಣಮರಳಿನಲ್ಲಿ ಮಗಳು ೦.೩೩೩ ಎಂದು ಹೊರಟಳು. ಅಪೊಲೋನಿಯಾ ಕುಕ್ಕರಗಾಲಲ್ಲಿ ಕುಳಿತು ಅದರ ಕೆಳಗೆ ಅವಸರದಲ್ಲಿ ಒಂದು ಮೂರು ಬರೆದಳು. ಆಮೇಲೆ ಬಿಂದು ನೆನಪಾಗಿ ಇಟ್ಟಳು. ಮತ್ತೆ ಮೂರು, ಮೂರು, ಮೂರು.

ಲೊರ್ನಾ ತಿರುಗಿ ನೋಡಿದಳು. "ಅಯ್ಯೋ ಮಾಂಯ್, ೩.೩೩೩ ಆಯಿತಲ್ಲ! ಅದು ನನ್ನದರ ಹತ್ತರಷ್ಟು."

"ಹತ್ತರಷ್ಟು ಎಂತದು? ಬಿಂದುವಿನ ಆಚೆ ಬಾಲ ಎರಡಕ್ಕೂ ಒಂದೇ ಉಂಟಲ್ಲ."

ಲೊರ್ನಾಳ ಬೆರಳು ನಿಂತಿತು. ಬೆಳಗಿನಿಂದ ಅದು ನಿಂತದ್ದು ಅದೇ ಮೊದಲು.

"ಹೌದು. ಎರಡೂ ಬಾಲ ಮುಗಿಯುವುದಿಲ್ಲ. ಆದರೆ ಒಂದೇ." ಅವಳು ನಿಧಾನವಾಗಿ ಹೇಳಿದಳು. "ಹಾಗಾದರೆ ನಿನ್ನದರಿಂದ ನನ್ನದನ್ನು ಕಳೆದರೆ ಬಾಲಕ್ಕೆ ಬಾಲ ಹೋಯಿತು. ಬರೀ ಮೂರು ಉಳಿಯಿತು. ನಿನ್ನದು ಅಂದರೆ ನನ್ನಂಥದ್ದು ಹತ್ತು, ಅದರಲ್ಲಿ ಒಂದು ಹೋದರೆ ಒಂಬತ್ತು. ಇಂಥ ಒಂಬತ್ತು ಸೇರಿದರೆ ಮೂರು. ಇಂಥದ್ದು ಒಂದು ಅಂದರೆ ಒಂಬತ್ತರಲ್ಲಿ ಮೂರು… ಮೂರರಲ್ಲಿ ಒಂದು!"

ಮರಳಿನಲ್ಲಿ ಅವಳು ಒಂದು ಬರೆದು, ಗೆರೆ ಎಳೆದು, ಕೆಳಗೆ ಮೂರು ಬರೆದಳು.

"ಇಷ್ಟೆಯಾ?" ಎಂದಳು ಅಪೊಲೋನಿಯಾ.

"ಇಷ್ಟೇ. ಮುಗಿಯಿತು. ಮಾಂಯ್, ಹಸಿವು."

ತಾಯಿ ಬುತ್ತಿ ಬಿಚ್ಚಿ, ಚಟ್ನಿ ಬೆರೆಸಿದ ಗಂಜಿಯನ್ನು ಕೈಯಾರೆ ತಿನ್ನಿಸಿದಳು. ಕತ್ತಲಾಗುವ ಹೊತ್ತಿಗೆ ಸೊಂಟ ಬಗ್ಗಿಸಿಕೊಂಡು, ಒಂದೊಂದೇ ಸೊನ್ನೆ ಸುತ್ತುತ್ತಾ ಲಿಗೋರಿ ಬಂದ.

"ಇನ್ನೆಷ್ಟು ಬೇಕು?"

"ಒಂದೂ ಬೇಡ ಬಾಪ್ಪು," ಎಂದಳು ಲೊರ್ನಾ ಚಿಕ್ಕಪ್ಪನಿಗೆ, ಬಾಯಿ ತುಂಬ ಗಂಜಿ. "ಕೆಳಗೆ ಬರೀ ಮೂರು."

ಲಿಗೋರಿ ಬಂದ ದಾರಿಯನ್ನೊಮ್ಮೆ ತಿರುಗಿ ನೋಡಿ ಮರಳಿನಲ್ಲಿ ಕುಸಿದು ಕುಳಿತ. ಅಪೊಲೋನಿಯಾ ಉಳಿದ ಗಂಜಿಯನ್ನು ಅವನ ಕಡೆಗೆ ಸರಿಸಿದಳು.