ಮೊದಲನೇ ಲೋಟ

ಮುದುಕಿಯೊಬ್ಬಳು ಅಕ್ಕಿ ಅಳೆಯುವ ಧ್ವನಿಮುದ್ರಣವನ್ನು ಅನಸೂಯಾ ಎಷ್ಟನೆಯ ಸಲವೋ ಕೇಳುತ್ತಿದ್ದಳು. ಚೀನಾದ ಹೈನಾನ್ ದ್ವೀಪದ ಹ್ಲಾಯ್ ಭಾಷೆಯ ಎಣಿಕೆಪದಗಳ ಮೇಲೆ ಕ್ಯೋಟೋದಲ್ಲಿ ಅವಳ ಪಿಎಚ್‌ಡಿ. ಮುದುಕಿ ಹೇಳುವ ಎರಡು, ಮೂರು, ನಾಲ್ಕು ಎಲ್ಲವೂ ನಿಘಂಟಿನಲ್ಲಿದ್ದ ಹಾಗೇ ಇದ್ದವು. ಮೊದಲನೆಯದು ಮಾತ್ರ ಎಲ್ಲೂ ಇರಲಿಲ್ಲ. ತಾನು ಹೋಗಿ ರೆಕಾರ್ಡ್ ಮಾಡಿಕೊಂಡು ಬಂದ ಆ ಮುದುಕಿಯ ಊರಿನಲ್ಲಿ ‘ಒಂದು’ ಅನ್ನುವುದಕ್ಕೆ ಬೇರೆಯದೇ ಹಳೆಯ ಪದ ಉಳಿದಿದೆ ಎಂದು ಅವಳು ದೊಡ್ಡ ಅಧ್ಯಾಯವನ್ನೇ ಬರೆದಿದ್ದಳು. ಶುಕ್ರವಾರ ಪ್ರಬಂಧ ಸಲ್ಲಿಸಬೇಕು. ವಿದ್ಯಾರ್ಥಿವೇತನ ಮಾರ್ಚಿಗೆ ಮುಗಿಯುತ್ತದೆ.

ಅಡುಗೆಮನೆಯಲ್ಲಿ ಗಂಡ ಹೃಷಿಕೇಶ ಕುಕ್ಕರಿಗೆ ಅಕ್ಕಿ ಹಾಕುತ್ತಿದ್ದ. “ಲಾಭ, ಎರಡು, ಮೂರು...”

ಅಕ್ಕಿ ಅಳೆಯುವಾಗ ಮೊದಲನೆಯದಕ್ಕೆ ಒಂದು ಅನ್ನಬಾರದು, ಲಾಭ ಅನ್ನಬೇಕೆಂದು ಮೈಸೂರಿನ ಅವನ ಅಜ್ಜಿ ಕಲಿಸಿದ್ದು. ಮದುವೆಯಾದಾಗಿನಿಂದ ಅನಸೂಯಾ ದಿನಾ ಕೇಳಿದ ಮಾತು. ಇವತ್ತು ಅವಳು ಧ್ವನಿಮುದ್ರಣ ನಿಲ್ಲಿಸಿದಳು. ಇವನನ್ನು ಯಾರಾದರೂ ರೆಕಾರ್ಡ್ ಮಾಡಿಕೊಂಡು ಹೋಗಿದ್ದರೆ, ಕನ್ನಡದಲ್ಲಿ ಒಂದಕ್ಕೆ ಲಾಭ ಅನ್ನುತ್ತಾರೆ ಎಂದು ಬರೆಯುತ್ತಿದ್ದರಲ್ಲ! ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ಅವಳ ಕಥೆ. ತಪ್ಪು ಅವನದಲ್ಲದಿದ್ದರೂ ಸಿಟ್ಟು ಅವನ ಮೇಲೇ ಬಂತು.

ವಿಷಯ ಕೇಳಿದ ಹೃಷಿಕೇಶ ಸಮಾಧಾನ ಮಾಡಲು ನೋಡಿದ. “ಬಿಡೇ, ಓದೋರು ನಾಲ್ಕು ಜನ. ಸಬ್ಮಿಟ್ ಮಾಡ್ಬಿಡು. ಯಾರಿಗ್ ಗೊತ್ತಾಗತ್ತೆ?”

“ನಂಗ್ ಗೊತ್ತಾಯ್ತಲ್ಲ.”

ಮುದುಕಿಯ ಮೊಮ್ಮಗಳಿಗೆ ಅವಳು ಚೀನೀ ಭಾಷೆಯಲ್ಲಿ ಮೆಸೇಜು ಹಾಕಿದಳು. ಮರುದಿನ ಉತ್ತರ ಬಂತು. ಅದು ಲೆಕ್ಕದ ಮಾತೇ ಅಲ್ಲವಂತೆ, ಅಳೆಯಲು ಶುರುಮಾಡುವಾಗ ಹೇಳುವ ಶುಭದ ಮಾತಂತೆ. ಬೇರೆ ಯಾರೂ ಅನ್ನುವುದಿಲ್ಲ, ಅಜ್ಜಿಯೊಬ್ಬಳೇ ಅನ್ನುವುದು. ನೀವು ಆವತ್ತೇ ಕೇಳಬಾರದಿತ್ತೇ ಎಂದು ಅಜ್ಜಿ ನಗುತ್ತಿದ್ದಾಳಂತೆ.

ಮಾರ್ಗದರ್ಶಕ ಮೊರಿವಾಕಿ ಸೆನ್ಸೇ ಎಲ್ಲ ಕೇಳಿಸಿಕೊಂಡು, ಎರಡು ವಾರ ಆ ಮನೆಯಲ್ಲೇ ಉಂಡಿರಲ್ಲ, ಒಂದು ಸಲವೂ ಅರ್ಥ ಕೇಳಲಿಲ್ಲವೇ ಎಂದರು. “ಸುಮಿಮಾಸೆನ್,” ಎಂದು ಅವಳು ತಲೆಬಾಗಿಸಿ ಕ್ಷಮೆ ಕೇಳಿದಳು. ಅಧ್ಯಾಯ ತೆಗೆದು ಬೇರೆ ಬರೆಯಲು ಆರು ತಿಂಗಳು ಸಿಕ್ಕಿತು, ವೇತನವಿಲ್ಲದೆ. ಬಸ್ಸಿನಲ್ಲಿ ಬರುವಾಗ ಅವಳಿಗೆ ಅಳು ಬಂತು. ಪಕ್ಕದಲ್ಲಿದ್ದ ಹೆಂಗಸು ಮರ್ಯಾದೆಯಿಂದ ಕಿಟಕಿಯ ಕಡೆ ತಿರುಗಿಕೊಂಡಳು.

ಸಂಜೆ ಹೃಷಿಕೇಶ ಸದ್ದಿಲ್ಲದೆ ಅಕ್ಕಿ ಡಬ್ಬ ತೆರೆದ. ಮೊದಲ ಲೋಟ ಬಾಯಿ ಮುಚ್ಚಿಕೊಂಡೇ ಸುರಿದ. “ಎರಡು,” ಅಂದ, ಮೆಲ್ಲಗೆ.

“ಮೊದಲನೇದಕ್ಕೇನೂ ಅನ್ಲಿಲ್ಲ ನೀನು,” ಎಂದಳು ಅನಸೂಯಾ ಕೋಣೆಯಿಂದ.

ಅವನು ಹಾಕಿದ್ದ ಅಕ್ಕಿಯನ್ನೆಲ್ಲ ಡಬ್ಬಕ್ಕೆ ವಾಪಸು ಸುರಿದು, ಮೊದಲಿನಿಂದ ಅಳೆಯತೊಡಗಿದ.