ಎಷ್ಟಿಂದ ಇಳಿದ ಸೊನ್ನೆ

ಟೈಪಿಂಗ್ ಶಾಲೆಗೆ ಬೀಗ ಬಿದ್ದ ಮೇಲೆ ಮೇಷ್ಟ್ರು ಹೆಂಡತಿಯ ಕೈಕೆಳಗೆ ವೈರಿಂಗ್ ಕೆಲಸಕ್ಕೆ ಸೇರಿದರು. ಅವಳು ಪಳಗಿದ ಎಲೆಕ್ಟ್ರಿಷಿಯನ್. ಮನೆಯಲ್ಲೂ ಅವಳ ಬಾಯಲ್ಲಿ ‘ರೀ’, ಕೆಲಸದಲ್ಲೂ ‘ರೀ’. ಆದರೆ ಕೆಲಸದ ‘ರೀ’ ಕಿವಿಗೆ ಬಿದ್ದರೆ ಮೇಷ್ಟ್ರ ಜಂಘಾಬಲವೇ ಉಡುಗುತ್ತಿತ್ತು. ಒಂದು ಕೆಲಸಕ್ಕಾದರೂ ತಮ್ಮನ್ನು ಒಬ್ಬರನ್ನೇ ಕಳಿಸಲಿ ಎಂಬುದು ಅವರ ಆಸೆ. ಇವತ್ತು ಲಾಂಡ್ರಿಯಲ್ಲಿ ಎಲ್ಲ ಸರಿಯಾಗಿ ಮಾಡಿದರೆ ನಾಳೆಯ ಕೆಲಸ ಅವರದೇ ಎಂದು ಅವಳು ಮಾತು ಕೊಟ್ಟಿದ್ದಳು.

ಲಾಂಡ್ರಿಯ ಹಿಂಬದಿ ಕೋಣೆಯಲ್ಲಿ ಹಬೆಗೆ ಗೋಡೆಯೆಲ್ಲ ಬೆವರಿತ್ತು. ಬಟ್ಟೆ ಒಗೆಯುವ ಯಂತ್ರದ ವೈರು ಬದಲಿಸಬೇಕಿತ್ತು. ಮೇಷ್ಟ್ರು ಸ್ವಿಚ್ ಆಫ್ ಮಾಡಿ, ಯಂತ್ರಕ್ಕೆ ಕರೆಂಟ್ ಬರುವ ಕಬ್ಬಿಣದ ಪೆಟ್ಟಿಗೆ ತೆರೆದು, ಚೀಲದಿಂದ ವೋಲ್ಟ್ ಅಳೆಯುವ ಮೀಟರನ್ನೂ ಅದರ ಹೊಸ ವೈರುಗಳನ್ನೂ ಹೊರತೆಗೆದರು. ಆ ವೈರುಗಳ ತುದಿಯಲ್ಲಿ ಮೊನೆಯ ಬದಲು ಪುಟ್ಟ ಅಯಸ್ಕಾಂತಗಳು. ಪೆಟ್ಟಿಗೆಯೊಳಗೆ ವೈರು ಬಿಗಿದ ಸ್ಕ್ರೂಗಳ ತಲೆಗೆ ತಾವೇ ಕಚ್ಚಿಕೊಳ್ಳುವುದರಿಂದ ಕೈಯಲ್ಲಿ ಹಿಡಿದು ನಿಲ್ಲುವ ಗೋಳಿಲ್ಲ. ಗೋಡೆಯ ಪ್ಲಗ್ಗಿನಲ್ಲಿ ಮೀಟರನ್ನು ಮೊದಲೇ ಪರೀಕ್ಷಿಸಿದ್ದಾಗಿತ್ತು. ಅಯಸ್ಕಾಂತಗಳನ್ನು ಕೂರಿಸಿದರು. ಮೀಟರ್ ಸೊನ್ನೆ ತೋರಿಸಿತು.

“ಲೈನ್ ಸತ್ತಿದೆ,” ಎಂದರು ಮೇಷ್ಟ್ರು, ಖುದ್ದಾಗಿ ಕೊಂದವರ ಗತ್ತಿನಲ್ಲಿ. ಕೈ ಸ್ಕ್ರೂ ಕಡೆಗೆ ಹೊರಟಿತು.

“ರೀ.”

“ಏನೇ?”

“ಸೊನ್ನೆ ಸರಿ. ಎಷ್ಟಿಂದ ಇಳಿದು ಸೊನ್ನೆ ಆಯ್ತು?”

ಮೇಷ್ಟ್ರು ಪೆಚ್ಚಾದರು. ಆಫ್ ಮಾಡಿ ಅಯಸ್ಕಾಂತ ಕೂರಿಸಬೇಕು, ಕೈ ತೆಗೆದು ಆನ್ ಮಾಡಬೇಕು, ಅಂಕಿ ಏರಿದ್ದನ್ನು ಕಂಡು ಮತ್ತೆ ಆಫ್ ಮಾಡಿ ಅದು ಇಳಿಯುವುದನ್ನು ನೋಡಬೇಕು. ಅವಳು ಕಲಿಸಿದ್ದೇ ಹಾಗೆ. ನಡುವಿನದನ್ನು ಇವರು ನುಂಗಿ ನೀರು ಕುಡಿದಿದ್ದರು. ಗೊಣಗುತ್ತಾ ಸ್ವಿಚ್ ಆನ್ ಮಾಡಿದರು. ಆಗಲೂ ಸೊನ್ನೆ. ಆಫ್ ಮಾಡಿದರು. ಸೊನ್ನೆಯೇ.

“ಮೀಟರ್ ಕೆಟ್ಟಿದೆ ಕಣೇ.”

“ಈಗ ತಾನೆ ಪ್ಲಗ್ಗಲ್ಲಿ ಸರಿಯಾಗಿ ತೋರಿಸ್ತಲ್ಲ?” ಅವಳು ಪೆಟ್ಟಿಗೆಯೊಳಗೆ ಟಾರ್ಚ್ ಬೆಳಕು ಬಿಟ್ಟಳು. ಸ್ಕ್ರೂಗಳ ತಲೆ ಮಿರಮಿರ ಮಿಂಚಿತು. ತುಕ್ಕು ಹಿಡಿಯದಿರಲೆಂದು ಯಾರೋ ಪುಣ್ಯಾತ್ಮ ವಾರ್ನಿಷ್ ಬಳಿದಿದ್ದ. “ಅಯಸ್ಕಾಂತಕ್ಕೆ ವಾರ್ನಿಷ್ ಲೆಕ್ಕಕ್ಕಿಲ್ಲ, ಅಂಟ್ಕೊಂಡು ಬಿಡುತ್ತೆ. ಆದ್ರೆ ಕರೆಂಟ್ ಅದನ್ನ ದಾಟಬೇಕಲ್ಲ?”

ಅವಳು ಕೈಗವಸು ತೊಟ್ಟು, ಅಯಸ್ಕಾಂತಗಳನ್ನು ಪ್ಲಾಸ್ಟಿಕ್ ಹಿಡಿಯಲ್ಲಿ ಹಿಡಿದು ಕಿತ್ತಳು. ಮೊನೆಯಿರುವ ಹಳೆಯ ವೈರುಗಳನ್ನು ಮೀಟರಿಗೆ ಸಿಕ್ಕಿಸಿ, ವಾರ್ನಿಷ್ ಸೀಳುವಂತೆ ಸ್ಕ್ರೂಗಳಿಗೆ ಒತ್ತಿದಳು. ಸ್ವಿಚ್ ಆಫ್ ಆಗಿಯೇ ಇತ್ತು.

ಇನ್ನೂರ ಮೂವತ್ತು ವೋಲ್ಟ್.

ಮೇಷ್ಟ್ರು ಆಫ್ ಮಾಡಿದ್ದು ಬೇರೆ ಯಾವುದೋ ಯಂತ್ರದ ಸ್ವಿಚ್ಚನ್ನು. ಅವಳು ‘ರೀ’ ಎಂದಾಗ ಅವರ ಬರಿ ಬೆರಳುಗಳು ಆ ಸ್ಕ್ರೂಗಳಿಂದ ಒಂದು ಗೇಣು ದೂರದಲ್ಲಿದ್ದವು. ಅವರು ಅಲ್ಲೇ ಕುಕ್ಕರಿಸಿದರು. ಇಷ್ಟು ಭಯ ಅವರಿಗೆ ಯಾವತ್ತೂ ಆಗಿರಲಿಲ್ಲ.

“ನಾಳೆ ನೀನೇ ಹೋಗು,” ಎಂದರು. “ನನ್ನ ಕೈಲಾಗಲ್ಲ.”

ಅವಳು ಮೊನೆಗಳನ್ನು ತೆಗೆದಿಟ್ಟು, ಪೆಟ್ಟಿಗೆ ಮುಚ್ಚಿ, ಅವರ ಹಿಂದೆ ಬಂದು ಕೂತಳು.

“ನಾಳೆ ನೀವೇ ಹೋಗ್ತೀರ. ಒಬ್ರೇ. ಈ ಭಯ ಆರೋದ್ರೊಳಗೆ ಹೋಗ್ಬೇಕು, ಆಗ ಒಂದು ಹೆಜ್ಜೇನೂ ಬಿಡಲ್ಲ.”

ದನಿ ಕೆಲಸದ್ದೇ, ಒಂದಿಷ್ಟೂ ನಡುಗಲಿಲ್ಲ. ಸರಿಯಾದ ಸ್ವಿಚ್ ಹುಡುಕಲೆಂದು ಮೇಷ್ಟ್ರು ಏಳಲು ನೋಡಿದರು, ಆಗಲಿಲ್ಲ. ಅವಳು ಅವರ ಅಂಗಿಯ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದಿದ್ದಳು, ಬಿಡುತ್ತಿರಲಿಲ್ಲ.