ಕರೆಂಟಿನ ಪೆಟ್ಟಿಗೆ

"ಇದರಲ್ಲಿ ಏನೂ ಇಲ್ಲಮ್ಮ" ಎಂದಳು ರಿಪೇರಿ ಅಕ್ಕ, ದಪ್ಪ ಬೆನ್ನಿನ ಆ ಹಳೆಯ ಮಾನಿಟರನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿ.

ಅದನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ತಂದಿದ್ದ ಹುಡುಗಿ, ಹಾಳಾಗಿದೆಯೇ ಎಂದು ಕೇಳಿದಳು. ಹಾಳಾಗುವುದು ಆಮೇಲಿನ ಮಾತು, ಇದು ಬರೀ ಮುಖ, ತೋರಿಸುವುದಷ್ಟೇ ಇದರ ಕೆಲಸ, ಇಟ್ಟುಕೊಳ್ಳುವುದಲ್ಲ ಎಂದಳು ಅಕ್ಕ. ಆಮೇಲೆ ಮಾನಿಟರಿನ ಹೂಬಟ್ಟೆಯ ಹೊದಿಕೆಯನ್ನು, ಅದರ ಅಂಚಿನ ಸಣ್ಣ ಹೊಲಿಗೆಯನ್ನು ಮುಟ್ಟಿ ನೋಡಿದಳು. "ಯಾರು ಹೊಲಿದಿದ್ದು? ಇಷ್ಟು ಜೋಪಾನವಾಗಿ ಕನ್ನಡಿ ಇಟ್ಟುಕೊಂಡು, ಅದರಲ್ಲಿ ಮುಖ ನೋಡಿಕೊಂಡವರು ಎಲ್ಲಿ ಅಂತ ಹುಡುಕ್ತಾ ಇದ್ದೀರಲ್ಲ."

ಹೊಲಿದದ್ದು ಅಮ್ಮ. ಹದಿಮೂರು ವರ್ಷದಿಂದ ವಾರಕ್ಕೊಮ್ಮೆ ಆ ಹೊದಿಕೆ ತೆಗೆದು, ಗಾಜನ್ನು ಮೆತ್ತಗಿನ ಬಟ್ಟೆಯಿಂದ ಒರೆಸಿ ಮತ್ತೆ ಮುಚ್ಚುತ್ತ ಬಂದವಳು ಅವಳೇ. ಅದರೊಳಗೆ ಅಜ್ಜಿಯ ಕಥೆಗಳಿವೆ ಎಂದು ಮನೆಯವರೆಲ್ಲ ನಂಬಿದ್ದರು. ಅಪ್ಪ, ತನ್ನ ಆಫೀಸಿನಲ್ಲಿ ಹೊಸ ಕಂಪ್ಯೂಟರುಗಳು ಬಂದಾಗ ಹಳೆಯದೊಂದನ್ನು ಮನೆಗೆ ತಂದಿದ್ದ. ಹುಡುಗಿಗೆ ಆಗ ಹನ್ನೆರಡು. ಸಣ್ಣ ಮೈಕು ಸಿಕ್ಕಿಸಿ, ಕೆಂಪು ಗುಂಡಿಯ ಚಿತ್ರ ಒತ್ತಿ, ಅಜ್ಜಿಯನ್ನು ಎದುರು ಕೂರಿಸಿಕೊಂಡು ಕಥೆ ಹೇಳಿಸುತ್ತಿದ್ದಳು. ಅಜ್ಜಿಯೂ ಆ ಗಾಜಿನ ಮುಖ ನೋಡಿಕೊಂಡೇ ಹೇಳುತ್ತಿದ್ದಳು, ಅದಕ್ಕೆ ಕಿವಿಯಿದೆ ಎಂಬಂತೆ. ಹಾಗೆ ತುಂಬಿಸಿಟ್ಟದ್ದನ್ನು ಮತ್ತೆ ಹಾಕಿ ಕೇಳುವ ಆಸೆ ಯಾರಿಗೂ ಆಗಲಿಲ್ಲ. ಅಜ್ಜಿಯೇ ಪಕ್ಕದಲ್ಲಿ ಇರುವಾಗ ಡಬ್ಬದ ಅಜ್ಜಿ ಯಾರಿಗೆ ಬೇಕು? ವರ್ಷ ತುಂಬುವುದರೊಳಗೆ ಅಜ್ಜಿಯೂ ಹೋದಳು, ಯಂತ್ರವೂ ಕಣ್ಣು ಮುಚ್ಚಿತು.

ಈಗ ಬೇಕಾಗಿತ್ತು. ಹುಡುಗಿ ಈಗ ಶಿಶುವಿಹಾರವೊಂದರಲ್ಲಿ ಕಲಿಸುತ್ತಿದ್ದಳು; ಹಿಂದಿನ ವಾರ ಮಕ್ಕಳಿಗೆ ಏಳು ಬಾಗಿಲಿನ ಮನೆಯ ಕಥೆ ಶುರು ಮಾಡಿದ್ದಳು. ದಾರಿ ತಪ್ಪಿದ ಹೆಣ್ಣುಮಗಳೊಬ್ಬಳು ಆ ಮನೆಗೆ ಬರುತ್ತಾಳೆ. ಒಂದೊಂದು ಬಾಗಿಲೂ ಒಂದೊಂದು ಕೆಲಸ ಹೇಳಿ, ಮಾಡಿದ ಮೇಲೆಯೇ ತೆರೆಯುತ್ತದೆ. ಅಂಗಳ ಗುಡಿಸು ಎನ್ನುತ್ತದೆ ಒಂದು, ತೂತಿನ ಕೊಡದಲ್ಲಿ ನೀರು ತುಂಬು ಎನ್ನುತ್ತದೆ ಇನ್ನೊಂದು. ಆರನೆಯ ಬಾಗಿಲಿನವರೆಗೆ ನಿರಾತಂಕವಾಗಿ ಹೇಳಿಕೊಂಡು ಹೋದವಳು ಅಲ್ಲಿ ಗಕ್ಕನೆ ನಿಂತಳು. ಅಜ್ಜಿ ಹೇಳುವಾಗ ಆರನೆಯ ಬಾಗಿಲ ಹತ್ತಿರವೇ ಅವಳಿಗೆ ಪ್ರತಿಸಲವೂ ನಿದ್ದೆ ಬಂದುಬಿಡುತ್ತಿತ್ತು. "ಏಳನೇದು ಏನು ಕೆಲಸ ಹೇಳ್ತು, ಮಿಸ್?" ಎಂದು ಕೇಳಿದ ಮಕ್ಕಳಿಗೆ ಸೋಮವಾರ ಹೇಳುವೆನೆಂದು ಮಾತು ಕೊಟ್ಟಿದ್ದಳು. ಬಾಯಿಗೆ ಬಂದದ್ದು ಹೇಳಿ ಮುಗಿಸಬಹುದಿತ್ತು. ಹಾಗೆ ಮಾಡಿದರೆ ಅಜ್ಜಿ ಇನ್ನೊಂದು ಸಲ ಹೋದ ಹಾಗೆ ಎನ್ನಿಸಿತು.

"ಮಾನಿಟರಿನ ಜತೆ ಒಂದು ಪೆಟ್ಟಿಗೆ ಇತ್ತಲ್ಲ, ಉದ್ದಕ್ಕೆ, ತಗಡಿಂದು?" ಎಂದು ರಿಪೇರಿ ಅಕ್ಕ ಕೈಯಲ್ಲೇ ಅಳತೆ ತೋರಿಸಿದಳು. "ಅದೆಲ್ಲಿ?"

"ಕರೆಂಟಿನ ಪೆಟ್ಟಿಗೆಯಾ?" ಎಂದಳು ಹುಡುಗಿ.

ಅಕ್ಕನಿಗೆ ನಗು ತಡೆಯಲಾಗಲಿಲ್ಲ; ತುಂಬಿಸಿಟ್ಟದ್ದೆಲ್ಲ ಇರುವುದು ಅದರಲ್ಲೇ ಎಂದಳು. ಯಂತ್ರ ತಂದ ದಿನ ಅಪ್ಪ, ಮಗಳು ಎಲ್ಲಿ ಕೈ ಹಾಕುತ್ತಾಳೋ ಎಂಬ ಹೆದರಿಕೆಗೆ, ಅದು ಕರೆಂಟಿನ ಪೆಟ್ಟಿಗೆ, ಫ್ರಿಜ್ಜಿಗೆ ಇರುವ ಸ್ಟೆಬಿಲೈಸರಿನಂಥದ್ದೇ, ಮುಟ್ಟಿದರೆ ಹೊಡೆಯುತ್ತದೆ ಎಂದಿದ್ದ. ಆ ಮಾತು ಹಾಗೆಯೇ ಉಳಿದುಹೋಯಿತು. ಆಮೇಲೆ ಬಂದ ಫೋನುಗಳೆಲ್ಲ ಮುಖದ ಹಿಂದೆಯೇ ಹೊಟ್ಟೆ ಇಟ್ಟುಕೊಂಡಿದ್ದರಿಂದ, ಮುಖ ಒಂದು ಕಡೆ ಹೊಟ್ಟೆ ಒಂದು ಕಡೆ ಇರಬಹುದೆಂದು ಅವಳಿಗೆ ಹೊಳೆದಿರಲೇ ಇಲ್ಲ.

ಪೆಟ್ಟಿಗೆ ಎಲ್ಲಿದೆಯೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮನೆಗೆ ಓಡಿ ಬಂದಾಗ ಅಮ್ಮ ರವಿಕೆಯೊಂದಕ್ಕೆ ತೋಳು ಕೂಡಿಸುತ್ತಿದ್ದಳು. ಹೊಲಿಗೆ ಯಂತ್ರಕ್ಕೆ ಮೋಟರು ಹಾಕಿಸಿದ ಮೇಲೆ ತುಳಿಯುವ ಕೆಲಸ ಬಲಗಾಲಿಗಷ್ಟೇ ಉಳಿದಿತ್ತು. ಸುಮ್ಮನಿದ್ದ ಎಡಗಾಲಿಗೆ ಎತ್ತರ ಸರಿಹೊಂದಿದ್ದು ಆ ಪೆಟ್ಟಿಗೆ. ಅಡ್ಡ ಮಲಗಿಸಿದ ತಗಡಿನ ಮೇಲೆ ಅಮ್ಮನ ಪಾದ ಇಡುವಷ್ಟು ಜಾಗದಲ್ಲಿ ಬಣ್ಣವೇ ಹೋಗಿ ಮಿರುಗುತ್ತಿತ್ತು.

ವಿಷಯ ಕೇಳಿದ ಅಮ್ಮ ಯಂತ್ರ ನಿಲ್ಲಿಸಿದಳು. ಕಾಲನ್ನು ನಿಧಾನವಾಗಿ, ಮಲಗಿದವರ ಮೇಲಿಂದ ತೆಗೆಯುವಂತೆ ತೆಗೆದಳು.

"ಇಷ್ಟು ವರ್ಷ ಮುಖ ಒರೆಸಿದೆ" ಎಂದಳು. "ಕಾಲು ಇಟ್ಟಿದ್ದು ಅತ್ತೆ ಮೇಲೇನಾ ಹಾಗಾದ್ರೆ?"

ಅತ್ತೆ ಸೊಸೆಯರಿಗೆ ಜಗಳವೆಂದು ಯಾವತ್ತೂ ಆಗಿರಲಿಲ್ಲ. ಮಾತೂ ಅಷ್ಟಕ್ಕಷ್ಟೇ. ಬಾಗಿಲು ಹಾಕು, ಹಾಲು ಉಕ್ಕುತ್ತಿದೆ ನೋಡು, ಇಷ್ಟರಲ್ಲಿ ದಿನ ಕಳೆಯುತ್ತಿತ್ತು. ಒಬ್ಬಳು ಕಥೆಯವಳು, ಇನ್ನೊಬ್ಬಳು ಕತ್ತರಿಯವಳು. ಅಮ್ಮ ಹೊಲಿಯುತ್ತಿದ್ದ ರವಿಕೆಯನ್ನು ಅಲ್ಲೇ ಬಿಟ್ಟು, ಪೆಟ್ಟಿಗೆಯನ್ನು ಸೆರಗಿನಿಂದ ಒರೆಸಿ, ತಾನೂ ಬರುತ್ತೇನೆಂದು ಹೊರಟಳು. ಆಟೋದಲ್ಲಿ ಅದನ್ನು ಮಗಳ ಕೈಗೂ ಕೊಡಲಿಲ್ಲ.

ರಿಪೇರಿ ಅಕ್ಕ ನಾಲ್ಕು ಸ್ಕ್ರೂ ಬಿಚ್ಚಿ ಪಕ್ಕದ ತಗಡು ಎಳೆದಾಗ ಒಳಗೆ ಕಂಡದ್ದು ದರ್ಜಿಯ ಅಂಗಡಿಯ ಮೂಲೆ. ಕೆಂಪು ಹಸಿರು ದಾರದ ತುಣುಕು, ಬಟ್ಟೆಯ ಎಳೆ, ಒಂದು ಬಿಳಿ ಗುಂಡಿ. ಅಕ್ಕ ಗುಂಡಿಯನ್ನು ತೆಗೆದು ಅಮ್ಮನ ಕೈಗಿಟ್ಟು, ಬ್ರಷ್ಷಿನಿಂದ ಧೂಳು ಕೊಡವಿದಳು. ಹುಡುಗಿ ಬಗ್ಗಿ ನೋಡಿದಳು. ಒಂದೊಂದೂ ಏನೆಂದು ಕೇಳುತ್ತ ಹೋದಳು, ಅಕ್ಕ ಹೇಳುತ್ತ ಹೋದಳು. ಮೂಲೆಯ ಈ ಸಣ್ಣ ಡಬ್ಬವೇ ನಿಜವಾದ ಕರೆಂಟಿನ ಪೆಟ್ಟಿಗೆ, ನಿಮ್ಮಪ್ಪ ಪೂರ್ತಿ ಸುಳ್ಳೇನೂ ಹೇಳಿರಲಿಲ್ಲ. ಈ ಹಸಿರು ಹಲಗೆ ಮದರ್‌ಬೋರ್ಡು, ಎಲ್ಲರೂ ಇದರ ಮೇಲೇ ಸಂಸಾರ ಹೂಡಿರುವುದು, ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿಸುವುದೂ ಇದೇ. ಫ್ಯಾನಿನ ಕೆಳಗೆ ಕೂತಿರುವವನು ಪ್ರೊಸೆಸರು.

"ಇವನು ಭಾರಿ ಚುರುಕು. ಏನು ಕೊಟ್ರೂ ಚಿಟಿಕೆ ಹೊಡೆಯೋದ್ರಲ್ಲಿ ಮಾಡಿ ಬಿಸಾಕ್ತಾನೆ. ಆದ್ರೆ ತಲೆ ಬೇಗ ಬಿಸಿ ಆಗುತ್ತೆ, ಅದಕ್ಕೇ ಯಾವಾಗಲೂ ಗಾಳಿ ಬೀಸ್ತಾ ಇರಬೇಕು."

"ನಮ್ಮ ಮನೆಯವರ ಹಾಗೆ" ಎಂದಳು ಅಮ್ಮ.

"ನಿಮ್ಮವರು ಚುರುಕಾದ್ರೂ ಇದಾರಲ್ಲ" ಎಂದು ಅಕ್ಕ ಮುಂದುವರಿದಳು. ಪಕ್ಕದಲ್ಲಿ ಬಾಚಣಿಗೆಯಂತೆ ನಿಂತಿದ್ದ ಪಟ್ಟಿಯನ್ನು ಹೊರಗೆಳೆದು, ಇದು ರ‍್ಯಾಮು, ಇದೂ ನೆನಪೇ ಎಂದಾಗ ಹುಡುಗಿ ಕೈ ಚಾಚಿದಳು. ಕಥೆಗಳು ಇದರಲ್ಲೇ ಇವೆಯೇ ಎಂದು ಕೇಳಿದಳು. ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಇದು ಅಡುಗೆಮನೆಯ ಕಟ್ಟೆಯಿದ್ದ ಹಾಗೆ, ಸದ್ಯಕ್ಕೆ ಬೇಕಾದ್ದು ಹರವಿಕೊಂಡಿರುತ್ತದೆ, ಕರೆಂಟು ಹೋಯಿತೋ, ಒರೆಸಿದ ಹಾಗೆ ಖಾಲಿ. ಅಲ್ಲಿ ಕೆಳಗೆ ಇರುವ ಹಾರ್ಡ್ ಡಿಸ್ಕು ಅಟ್ಟ. ದೀಪ ಆರಿದರೂ ಅಲ್ಲಿಟ್ಟದ್ದು ಅಲ್ಲೇ ಇರುತ್ತದೆ.

ಅಮ್ಮ ಗುಂಡಿಯನ್ನು ಬೆರಳುಗಳ ನಡುವೆ ತಿರುಗಿಸುತ್ತ ನಿಂತಿದ್ದಳು. "ಅತ್ತೆಗೂ ಕೊನೆಕೊನೆಗೆ ಹಾಗೇ ಆಗಿತ್ತು" ಎಂದಳು. "ತಿಂಡಿ ತಿಂದು ಕೈ ತೊಳೆದು ಬಂದು, ತಿಂಡಿ ಆಯ್ತಾ ಅಂತ ಕೇಳೋರು. ಕಥೆ ಮಾತ್ರ ಒಂದಕ್ಷರ ಬಿಡ್ತಿರಲಿಲ್ಲ."

ಮದರ್‌ಬೋರ್ಡು ಸುಟ್ಟುಹೋಗಿತ್ತು, ಅದಕ್ಕೆ ಮದ್ದಿಲ್ಲ ಎಂದಳು ಅಕ್ಕ. ಡಿಸ್ಕಿನ ವಿಷಯ ತಾನು ಏನೂ ಹೇಳಲಾರೆ, ಅಷ್ಟು ವರ್ಷ ಸುಮ್ಮನೆ ಬಿದ್ದದ್ದು, ಮೇಲೆ ಕಾಲಿನ ಭಾರ ಬೇರೆ. ಅಮ್ಮನ ಮುಖ ಸಣ್ಣದಾಯಿತು. ಅಕ್ಕ ಡಿಸ್ಕನ್ನು ಬಿಡಿಸಿ, ತನ್ನ ಯಂತ್ರಕ್ಕೆ ತಂತಿ ಹೂಡಿದಳು. ಅದು ಟಿಕ್ ಎಂದಿತು. ಇನ್ನೊಮ್ಮೆ ಟಿಕ್ ಎಂದಿತು. ಮೂರನೆಯ ಸಲ, ದೂರದಲ್ಲಿ ಯಾರೋ ರಾಟೆ ತಿರುಗಿಸಿದಂತೆ ಸುತ್ತತೊಡಗಿತು.

ಪರದೆಯ ಮೇಲೆ ಹನ್ನೆರಡರ ಹುಡುಗಿ ಕೊಟ್ಟ ಹೆಸರುಗಳು ಮೂಡಿದವು. ಅಜ್ಜಿ ಒಂದು, ಅಜ್ಜಿ ಎರಡು, ಅಜ್ಜಿಯ ಕೆಮ್ಮು. ಕೊನೆಯದು, ಏಳು ಬಾಗಿಲು. ಅಕ್ಕ ಇಬ್ಬರಿಗೂ ಬೆಂಚು ತೋರಿಸಿ ಗುಂಡಿ ಒತ್ತಿದಳು.

ಮೊದಲು ಕೇಳಿಸಿದ್ದು ಹೊಲಿಗೆ ಯಂತ್ರದ ಸದ್ದು. ಮೋಟರು ಬರುವ ಮುಂಚಿನದು, ಎರಡೂ ಕಾಲಿನಲ್ಲಿ ತುಳಿಯುತ್ತಿದ್ದದ್ದು. ಅದರ ಮೇಲೆ ಅಜ್ಜಿಯ ದನಿ, ಒಂದೊಂದು ವಾಕ್ಯಕ್ಕೂ ಸಣ್ಣ ಹುಡುಗಿಯ "ಹೂಂ". ನಾಲ್ಕನೆಯ ಬಾಗಿಲಿಗೆ ಹೂಂ ತೆಳ್ಳಗಾಯಿತು. ಆರನೆಯದಕ್ಕೆ ನಿಂತೇಹೋಯಿತು.

"ಮಗು ಮಲಗಿತು" ಎಂದಿತು ಅಜ್ಜಿಯ ದನಿ. ಸ್ವಲ್ಪ ಹೊತ್ತು ಯಂತ್ರದ ಸದ್ದಷ್ಟೇ. "ಅರ್ಧಕ್ಕೆ ನಿಲ್ಲಿಸಬಾರದಮ್ಮ. ನೀನಾದ್ರೂ ಹೂಂ ಅನ್ನು."

ಹೊಲಿಗೆ ಯಂತ್ರ ನಿಂತಿತು. ಆಮೇಲೆ ಒಂದು ಎಳೆಯ, ಅಂಜಿದ ದನಿ, "ಹೂಂ" ಎಂದಿತು.

ಹುಡುಗಿ ಅಮ್ಮನ ಕಡೆ ತಿರುಗಿದಳು. ಅಮ್ಮ ಪರದೆಯನ್ನೇ ನೋಡುತ್ತಿದ್ದಳು.

"ಏಳನೇ ಬಾಗಿಲ ಮುಂದೆ ನಿಂತು, ಏನು ಕೆಲಸ ಮಾಡಲಿ ಅಂತ ಕೇಳಿದಳಂತೆ. ಬಾಗಿಲು ಏನೂ ಹೇಳಲಿಲ್ಲವಂತೆ. ತಾನಾಗೇ ತೆರೆದುಕೊಂಡಿತಂತೆ. ಒಳಗೆ ಒಂದು ಮಣೆ ಇತ್ತು, ಅಷ್ಟೇ. ಬೆಳಿಗ್ಗೆಯಿಂದ ದುಡಿದಿದ್ದೀಯ, ಕೂತ್ಕೊಂಡು ಕಾಲು ಚಾಚು ಅಂತಂತೆ ಮನೆ." ಅಜ್ಜಿ ಕೆಮ್ಮಿದಳು. "ನೀನೂ ಅಷ್ಟೇ. ಆ ಕಾಲಿಗೆ ಏನಾದ್ರೂ ಕೊಟ್ಟುಕೋ, ಎತ್ತರಕ್ಕೆ. ಬಾತುಹೋಗಿದೆ ನೋಡು."

"ಹೂಂ" ಎಂದಿತು ಒಳಗಿನ ದನಿ.

ರಿಪೇರಿ ಅಕ್ಕ ಯಾವುದೋ ಸ್ಕ್ರೂ ಹುಡುಕುವವಳಂತೆ ಮೇಜಿನ ಕಡೆ ಬಗ್ಗಿದಳು. ಬಿಚ್ಚಿದ ಪೆಟ್ಟಿಗೆ, ಈಗ ಬರೀ ತಗಡು, ಬೆಂಚಿನ ಮುಂದೆ ನೆಲದ ಮೇಲೆ ಅಡ್ಡ ಮಲಗಿತ್ತು. ಕೆಳಗೆ ಅಮ್ಮನ ಎಡಗಾಲು ಚಪ್ಪಲಿಯಿಂದ ಹೊರಬಂದು, ಗಾಳಿಯಲ್ಲಿ ಒಂದು ಗಳಿಗೆ ಅನುಮಾನಿಸಿ, ಮಿರುಗುತ್ತಿದ್ದ ಆ ಜಾಗವನ್ನು ಹುಡುಕಿಕೊಂಡು ಇಳಿಯಿತು.